ನೋಟಿಸ್ ಪಿರಿಯಡ್‌ನಲ್ಲಿ ಹೊತ್ತೇ ಹೋಗುತ್ತಿಲ್ವಾ? ಹೀಗೆ ಮಾಡಿ ನೋಡಿ

ರಾಜೀನಾಮೆ ಕೊಟ್ಟ ದಿನ ಮೈ ಹಗುರ. ಮಾರನೇ ದಿನವೂ ಅದೇ ಗತ್ತು. ಎರಡು ವಾರ ಕಳೆಯುವಷ್ಟರಲ್ಲಿ ಮೀಟಿಂಗ್‌ಗೆ ಕರೆಯುವುದು ನಿಲ್ಲುತ್ತದೆ, ಮೇಲ್ ಬರುವುದು ಕಮ್ಮಿಯಾಗುತ್ತದೆ, ಹೊಸ ಕೆಲಸ ಬಂದರೆ ಪಕ್ಕದ ಸೀಟಿನವರಿಗೆ ಹೋಗುತ್ತದೆ. ಕುರ್ಚಿ ಮಾತ್ರ ಬಿಡುವ ಹಾಗಿಲ್ಲ. ರಾಜೀನಾಮೆ ಕೊಟ್ಟ ಮೇಲೂ ಕೆಲಸಕ್ಕೆ ಹೋಗಲೇಬೇಕಾದ ಈ ನೋಟಿಸ್ ಪಿರಿಯಡ್ ಮೂರು ತಿಂಗಳಿನದಾದರೆ, ಇನ್ನೂ ಎರಡೂವರೆ ತಿಂಗಳು ಬಾಕಿ.

ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವರಿಗಂತೂ ಇದು ಡಬಲ್ ಶಿಕ್ಷೆ. ಸುಮಾರು 70 ಕಿಲೋಮೀಟರ್ ಹೋಗಬೇಕು, ಅಷ್ಟೇ ದೂರ ವಾಪಸ್ ಬರಬೇಕು. ಬೆಳಗ್ಗೆ ಕತ್ತಲಿರುವಾಗಲೇ ಎದ್ದು, ರೈಲಿನಲ್ಲಿ ಸೀಟಿಗೆ ಗುದ್ದಾಡಿ, ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ಅಂತ ಒಂದೊಂದೇ ಸ್ಟೇಷನ್ ದಾಟಿ ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಬಸ್ಸೋ ಮೆಟ್ರೋನೋ ಹಿಡಿದು ಆಫೀಸ್ ಸೇರಿದರೆ ಮಾಡಲು ಏನೂ ಇಲ್ಲ. ಮನೆಯಲ್ಲಿ ಅಮ್ಮ ಬೇರೆ ಕೇಳುತ್ತಾರೆ: "ಬಿಟ್ಟಾಯ್ತಲ್ಲೋ, ಇನ್ನೂ ಯಾಕೋ ದಿನಾ ಹೋಗ್ತೀಯ?" ವಸಂತನರಸಾಪುರದಲ್ಲೋ ಹಿರೇಹಳ್ಳಿಯಲ್ಲೋ ಫ್ಯಾಕ್ಟರಿ ಕೆಲಸ ಇದ್ದವರಿಗೆ ದಾರಿ ಹತ್ತಿರ, ಸರಿ. ಆದರೆ ಶಿಫ್ಟ್ ಪೂರ್ತಿ ಅಲ್ಲೇ ಇರಬೇಕಲ್ಲ.

ನಾನೂ ಇದನ್ನು ಅನುಭವಿಸಿದ್ದೇನೆ, ಸ್ನೇಹಿತರು ಒದ್ದಾಡಿದ್ದನ್ನೂ ನೋಡಿದ್ದೇನೆ. ನನಗೆ ಅನಿಸಿದ್ದು ಇಷ್ಟು: ನಾವು ಏನು ಮಾಡಿದರೂ ಯಾರೂ ಕೇಳುವುದಿಲ್ಲ ಅನ್ನೋದೇ ಈ ಬೇಜಾರಿನ ಮೂಲ. ಹಾಗಾಗಿ ಪ್ರತಿ ದಿನ ಕೇಳುವವರು ನೀವೇ ಆಗಬೇಕು. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಒಂದೇ ಪ್ರಶ್ನೆ ಹಾಕಿಕೊಳ್ಳಿ. ಕಂಪನಿಯ ಒಳಗಿದ್ದಾಗ ಮಾತ್ರ ಆಗುವ ಕೆಲಸ ಯಾವುದು? ಅದು ಮೊದಲು. ಮಿಕ್ಕಿದ್ದನ್ನು ಆಚೆ ಬಂದ ಮೇಲೂ ಮಾಡಬಹುದು.

ಹಂತ 1: ಕೊನೇ ದಿನ ಯಾವುದು ಅಂತ ಬರಹದಲ್ಲಿ ತೆಗೆದುಕೊಳ್ಳಿ

ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದೆ ಕಾಯುವುದೇ ದೊಡ್ಡ ಹಿಂಸೆ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. 30, 60, 90, ಎಷ್ಟು ದಿನ ಅಂತ ಇದೆ? ಅದು ಕ್ಯಾಲೆಂಡರ್ ದಿನವೋ, ಕೆಲಸದ ದಿನವೋ? ಮಧ್ಯೆ ರಜೆ ಹಾಕಿದರೆ ಕೊನೇ ದಿನ ಅಷ್ಟೇ ಮುಂದಕ್ಕೆ ಹೋಗುತ್ತದೋ? ತುಂಬಾ ಕಂಪನಿಗಳಲ್ಲಿ ಹೋಗುತ್ತದೆ. ಇದನ್ನೆಲ್ಲ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ, ತಾರೀಖು ಮೇಲ್‌ನಲ್ಲೇ ಬರಲಿ. ಕ್ಯಾಂಟೀನ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಬೇಗ ಬಿಡಿಸಿಕೊಳ್ಳಲು ಆಗುತ್ತಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಯಾವಾಗ ಕೇಳುತ್ತೀರಿ ಅನ್ನೋದು ಮುಖ್ಯ. ರಾಜೀನಾಮೆ ಕೊಟ್ಟ ಮರುದಿನವೇ ಕೇಳಿದರೆ ಮ್ಯಾನೇಜರ್‌ಗೆ ಉರಿಯುತ್ತದೆ. ನಿಮ್ಮ ಜಾಗಕ್ಕೆ ಯಾರು ಅನ್ನೋದು ಅವರ ತಲೆನೋವು, ನಿಮ್ಮ ಬೇಜಾರು ಅಲ್ಲ. ಅರ್ಧ ನೋಟಿಸ್ ಕಳೆದು, ಹ್ಯಾಂಡೋವರ್ (ನಿಮ್ಮ ಕೆಲಸವನ್ನು ಮುಂದಿನವರಿಗೆ ಒಪ್ಪಿಸುವುದು) ಮುಗಿಸಿ, ಅದನ್ನು ಕಣ್ಣಿಗೆ ಕಾಣುವ ಹಾಗೆ ಮುಂದಿಟ್ಟು ಕೇಳಿ. ಆಗ ಒಪ್ಪುವ ಸಾಧ್ಯತೆ ಜಾಸ್ತಿ. ಬೈಔಟ್, ಅಂದರೆ ಬಾಕಿ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೋಗುವ ಅವಕಾಶ, ಇದ್ದರೆ ಲೆಕ್ಕ ಬೇಸಿಕ್ (ಮೂಲ ವೇತನ) ಮೇಲೋ ಗ್ರಾಸ್ (ಭತ್ಯೆ ಎಲ್ಲ ಸೇರಿದ ಸಂಬಳ) ಮೇಲೋ ಅಂತ ನೋಡಿ, ಎರಡಕ್ಕೂ ಸುಮಾರು ವ್ಯತ್ಯಾಸ ಇರುತ್ತದೆ. ಆ ದುಡ್ಡು ಹೊಸ ಕಂಪನಿ ಕೊಡುತ್ತದಾ ಅಂತಲೂ ಕೇಳಿ.

ಬೇಗ ಹೋಗುವ ಆತುರದಲ್ಲಿ ಒಂದು ವಿಷಯ ಮರೆಯಬೇಡಿ, ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷದ ಸೇವೆಗೆ ಬಿಡುವಾಗ ಕಂಪನಿ ಕೊಡುವ ದುಡ್ಡು. ಕಾಯಂ ನೌಕರರಿಗೆ 5 ವರ್ಷ ಸತತ ಸೇವೆ ಆಗಿರಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ಬೇಸಿಕ್, ಡಿಎ ಸೇರಿ 30,000 ಇದ್ದು 5 ವರ್ಷ ಆಗಿದ್ದರೆ ಸುಮಾರು 86,500 ರೂಪಾಯಿ. ಕೆಲಸ ಮಾಡುತ್ತಾ ಕಳೆದ ನೋಟಿಸ್ ಪಿರಿಯಡ್ ಕೂಡ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಅಂದರೆ ನಾಲ್ಕು ವರ್ಷ ಹತ್ತು ತಿಂಗಳಿಗೆ ರಾಜೀನಾಮೆ ಕೊಟ್ಟವರಿಗೆ ಈ ಬೇಜಾರಿನ 90 ದಿನವೇ ಐದು ವರ್ಷ ದಾಟಿಸಿಬಿಡುತ್ತದೆ. ಸೇರಿದ ತಾರೀಖು ನೋಡದೆ ಬೈಔಟ್‌ಗೆ ದುಡ್ಡು ಕಟ್ಟಿ ಓಡಬೇಡಿ.

ಆಫೀಸಿಗೆ ಹೋಗುವುದನ್ನೇ ಹೇಳದೇ ಕೇಳದೇ ನಿಲ್ಲಿಸಿಬಿಡುವ ಆಲೋಚನೆ ಎಲ್ಲರಿಗೂ ಒಮ್ಮೆ ಬರುತ್ತದೆ. ಬೇಡ. ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಕಂಪನಿ ಕೊಡುವ ಪತ್ರ) ಸಿಗದಿದ್ದರೆ ಮುಂದೆ ಪ್ರತಿ ಕಂಪನಿಯಲ್ಲೂ ಅದೇ ಪ್ರಶ್ನೆ.

ಹಂತ 2: ಹ್ಯಾಂಡೋವರ್ ಅನ್ನು ನಿಜವಾದ ಕೆಲಸ ಮಾಡಿಕೊಳ್ಳಿ

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಕೊನೇ ವಾರ ಎರಡು ಮೀಟಿಂಗ್ ಇಟ್ಟು, ಪರದೆ ತೋರಿಸಿ, "ಇಷ್ಟೇ, ಏನಾದರೂ ಇದ್ರೆ ಫೋನ್ ಮಾಡಿ" ಅಂತ ಹೇಳಿ ಮುಗಿಸುತ್ತಾರೆ. ಆಮೇಲೆ ಆರು ತಿಂಗಳು ಫೋನ್ ಬರುತ್ತಲೇ ಇರುತ್ತದೆ. ಅದರ ಬದಲು ಈಗ ಸಿಕ್ಕಿರುವ ಹೊತ್ತನ್ನು ಇದಕ್ಕೇ ಹಾಕಿ. ದಿನಕ್ಕೆ ಒಂದು ಪುಟ ಸಾಕು.

ಏನು ಬರೆಯಬೇಕು? ಮ್ಯಾನುಯಲ್‌ನಲ್ಲಿ ಇರುವುದನ್ನು ಬಿಟ್ಟುಬಿಡಿ. ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ. ಯಾವ ಸಪ್ಲೈಯರ್ ಬೆಳಗ್ಗೆ ಹನ್ನೊಂದಕ್ಕೆ ಮುಂಚೆ ಫೋನ್ ಎತ್ತುವುದಿಲ್ಲ, ಯಾವ ರಿಪೋರ್ಟ್ ತಿಂಗಳ ಕೊನೆಗೆ ಕೈಕೊಡುತ್ತದೆ, ಯಾವ ಸಾಹೇಬರಿಗೆ ಮೇಲ್ ಹಾಕಿದರೆ ಸಾಲದು, ಎದ್ದು ಹೋಗಿ ಮುಖ ತೋರಿಸಬೇಕು. ಇಂಥದ್ದು.

ಹಿರೇಹಳ್ಳಿ ಕಡೆ ಫ್ಯಾಕ್ಟರಿಯಲ್ಲಿದ್ದ ನನ್ನ ಸ್ನೇಹಿತ ಇದನ್ನು ಚೆನ್ನಾಗಿ ಮಾಡಿದ. ಅವನು ನೋಡಿಕೊಳ್ಳುತ್ತಿದ್ದ ಸಿಎನ್‌ಸಿ ಲೇತ್ (ಕಂಪ್ಯೂಟರ್ ಮೂಲಕ ನಡೆಯುವ, ಲೋಹ ಕಡೆಯುವ ಮಷೀನ್) ಭಾನುವಾರ ಪೂರ್ತಿ ನಿಂತು ತಣ್ಣಗಾಗಿರುತ್ತದೆ. ಸೋಮವಾರ ಬೆಳಗ್ಗೆ ನೇರವಾಗಿ ಕೆಲಸಕ್ಕೆ ಹಾಕಿದರೆ ಮೊದಲ ಕೆಲವು ಪೀಸ್ ಸೈಜ್ ತಪ್ಪುತ್ತವೆ. ಸ್ವಲ್ಪ ಹೊತ್ತು ಖಾಲಿ ಓಡಿಸಿ, ಬಿಸಿಯಾದ ಮೇಲೆ ಮೆಟೀರಿಯಲ್ ಹಾಕಬೇಕು. ಅವನಿಗೆ ಅದು ಕೈಗೆ ಕೂತಿತ್ತು, ಬಾಯಲ್ಲಿ ಯಾರಿಗೂ ಹೇಳಿರಲಿಲ್ಲ. ನೋಟಿಸ್‌ನಲ್ಲಿ ಖಾಲಿ ಕೂತಿದ್ದಾಗ ಒಂದು ರಟ್ಟಿನ ತುಂಡಿನ ಮೇಲೆ ಮಾರ್ಕರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆದ: "ಸೋಮವಾರ: ಮೊದಲು ಖಾಲಿ ಓಡಿಸು. ಮೊದಲ ಪೀಸ್ ಅಳೆಯದೆ ಎರಡನೇದು ಹಾಕಬೇಡ." ಮೇಲೆ ಸೆಲ್ಲೋಟೇಪ್ ಸುತ್ತಿದ, ಎಣ್ಣೆ ಕೈ ತಾಗಿದರೂ ಅಳಿಸಬಾರದು ಅಂತ. ಸೂಪರ್‌ವೈಸರ್‌ಗೆ ತೋರಿಸಿ ಮಷೀನ್ ಪಕ್ಕದ ಟೂಲ್ ರ‍್ಯಾಕ್‌ಗೆ ಅಂಟಿಸಿದ. ಆಮೇಲೆ ಇನ್ನೊಂದು ನೆನಪಾಯಿತು, ಇನ್ನೊಂದು ರಟ್ಟು ಹುಡುಕಿದ. ಹೀಗೆ ಶುರುವಾದರೆ ದಿನ ಹೋಗಿದ್ದೇ ಗೊತ್ತಾಗುವುದಿಲ್ಲ.

ಬರೆದದ್ದು ಸರಿ ಇದೆಯಾ ಅಂತ ನೋಡಲು ಒಂದೇ ದಾರಿ. ಹೊಸಬರ ಕೈಗೆ ಕೊಟ್ಟು ಕೆಲಸ ಮಾಡಿಸಿ. ನೀವು ಪಕ್ಕದಲ್ಲಿ ಕೈಕಟ್ಟಿ ಕೂರಿ, ಬಾಯಿ ಹಾಕಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಿಮ್ಮ ಪುಟದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ಅರ್ಥ. ಹೊಸಬರು ಇನ್ನೂ ಬಂದೇ ಇಲ್ಲ ಅಂದರೆ (ಅದೇ ಜಾಸ್ತಿ ಆಗೋದು) ಪಕ್ಕದ ಟೀಮಿನ ಜೂನಿಯರ್ ಒಬ್ಬರನ್ನು ಕೂರಿಸಿಕೊಳ್ಳಿ.

ಹಂತ 3: ಲಾಗಿನ್ ಇರುವಾಗಲೇ ಕಾಗದ ಪತ್ರ

ಇದು ಬೇಜಾರಿನ ಕೆಲಸವೇ. ಆದರೆ ಬೇಜಾರಿನ ಹೊತ್ತಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ, ಮುಗಿದಾಗ ಕೈಯಲ್ಲಿ ಏನೋ ಇರುತ್ತದೆ.

ಪೇಸ್ಲಿಪ್‌ಗಳು, ಹಳೇ ಫಾರ್ಮ್ 16ಗಳು (ಸಂಬಳದಲ್ಲಿ ಹಿಡಿದ ತೆರಿಗೆಯ ಪತ್ರ), ಇನ್‌ಕ್ರಿಮೆಂಟ್ ಲೆಟರ್‌ಗಳನ್ನು ಇಳಿಸಿ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ನಿಮ್ಮ ಸ್ವಂತ ಕಾಗದ ಮಾತ್ರ. ಕಂಪನಿಯ ಫೈಲು, ಕೋಡು, ಕಸ್ಟಮರ್ ಪಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ನೋಟಿಸ್‌ನಲ್ಲಿ ಇರುವವರ ಲ್ಯಾಪ್‌ಟಾಪ್ ಮೇಲೆ ಐಟಿಯವರ ಕಣ್ಣು ಜಾಸ್ತಿ ಇರುತ್ತದೆ.

ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ಇನಿಷಿಯಲ್ ಎಲ್ಲಿ ಹಾಕಿದ್ದಾರೆ ಅನ್ನುವುದರಲ್ಲೇ ನಮ್ಮವರ ಅರ್ಧ ಅರ್ಜಿ ವಾಪಸ್ ಬರುತ್ತವೆ. ತಿದ್ದಬೇಕಿದ್ದರೆ ಈಗ ಎಚ್‌ಆರ್ ಕೈಗೆ ಸಿಗುತ್ತಾರೆ, ಆಮೇಲೆ ಸಿಗುವುದಿಲ್ಲ. ಖಾತೆಗೆ ಆಫೀಸ್ ಮೇಲ್ ಕೊಟ್ಟಿದ್ದರೆ ಬದಲಿಸಿ. ದುಡ್ಡು ತೆಗೆಯಲು ಹೋಗಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಒಟ್ಟು ಸೇವೆ 5 ವರ್ಷ ಆಗುವ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಹಳೇ ಕಂಪನಿಯವರು ನೀವು ಬಿಟ್ಟ ತಾರೀಖು ಹಾಕದೇ ಹೋದರೆ, ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಅದನ್ನು ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು.

ಇನ್ನು ಹೆಲ್ತ್ ಇನ್ಶೂರೆನ್ಸ್. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೇ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮನನ್ನೂ ಅದರಲ್ಲಿ ಸೇರಿಸಿದ್ದೀರಾ? ಅಮ್ಮನ ಕಣ್ಣಿನ ಪೊರೆ ಆಪರೇಷನ್ನೋ, ಅಪ್ಪನ ಹರ್ನಿಯಾನೋ "ಹಬ್ಬ ಮುಗೀಲಿ, ರಾಗಿ ಕೊಯ್ಲು ಮುಗೀಲಿ" ಅಂತ ಮುಂದಕ್ಕೆ ಹಾಕುತ್ತಾ ಬಂದಿದ್ದರೆ ಡಾಕ್ಟರನ್ನು ಕೇಳಿ ಈಗಲೇ ಮಾಡಿಸಿ. ವಯಸ್ಸಾದವರಿಗೆ ಹೊಸದಾಗಿ ಪಾಲಿಸಿ ತೆಗೆದರೆ ಇಂಥ ಆಪರೇಷನ್‌ಗಳಿಗೆ ಕಾಯುವ ಅವಧಿ ಇರುತ್ತದೆ. ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗುವ ಅವಕಾಶವೂ ಉಂಟು, ಆದರೆ ಕೊನೇ ದಿನ ಬರುವ ತನಕ ಕಾಯದೆ ಮುಂಚೆಯೇ ಬರೆದು ಕೇಳಬೇಕು. ನನ್ನ ಪ್ರಕಾರ ಇಡೀ ನೋಟಿಸ್ ಪಿರಿಯಡ್‌ನಲ್ಲಿ ಮಾಡಬಹುದಾದ ಅತಿ ಉಪಯೋಗದ ಕೆಲಸ ಇದು. ಒಂದು ದಿನವೂ ಬೇಜಾರಾಗುವುದಿಲ್ಲ, ಆಸ್ಪತ್ರೆ ಓಡಾಟವೇ ಸಾಕಾಗುತ್ತದೆ!

ದುಡ್ಡಿನ ವಿಷಯ ಒಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ 2 ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಆದರೂ ನಿಮ್ಮಲ್ಲಿ ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ ಮಾಡಿ ಕೊಡುವ ದುಡ್ಡು) ಯಾವಾಗ ಕೊಡುತ್ತಾರೆ, ಕೊನೇ ತಿಂಗಳ ಸಂಬಳ ತಡೆಹಿಡಿಯುತ್ತಾರಾ ಅಂತ ಮೊದಲೇ ಕೇಳಿ, ಒಂದು ತಿಂಗಳ ಖರ್ಚು ಪಕ್ಕಕ್ಕೆ ಇಟ್ಟುಕೊಳ್ಳಿ. ವರ್ಷದ ಮಧ್ಯೆ ಬದಲಾಗುತ್ತಿದ್ದರೆ ಈ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಇಲ್ಲದಿದ್ದರೆ ತೆರಿಗೆ ಕಮ್ಮಿ ಹಿಡಿದು, ರಿಟರ್ನ್ಸ್ ಹಾಕುವಾಗ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಹಂತ 4: ಊಟ ಆದ ಮೇಲಿನ ಆ ಮೂರು ಗಂಟೆ

ಬೆಳಗ್ಗೆ ಹೇಗೋ ಹೋಗುತ್ತದೆ. ಕಷ್ಟ ಇರುವುದು ಎರಡರಿಂದ ಐದರ ತನಕ. ಹೊಟ್ಟೆ ತುಂಬಿದೆ, ಎಸಿ ತಣ್ಣಗಿದೆ, ಪರದೆ ಮೇಲೆ ಏನೂ ಇಲ್ಲ. ಕೈ ತಾನಾಗೇ ಫೋನಿಗೆ ಹೋಗುತ್ತದೆ. ರೀಲ್ಸ್ ನೋಡಿದರೆ ಹೊತ್ತು ಹೋಗುತ್ತದೆ ಅಂದುಕೊಳ್ಳುತ್ತೇವೆ, ತಲೆ ಎತ್ತಿ ನೋಡಿದರೆ ಗಡಿಯಾರದಲ್ಲಿ ಇಪ್ಪತ್ತೇ ನಿಮಿಷ ಆಗಿರುತ್ತದೆ, ತಲೆ ಮಾತ್ರ ಭಾರ.

ಹಾಗಾಗಿ ಬರೆಯುವ ಕೆಲಸ ಬೆಳಗ್ಗೆ ಇಟ್ಟುಕೊಳ್ಳಿ, ಎದ್ದು ಓಡಾಡುವ ಕೆಲಸ ಮಧ್ಯಾಹ್ನಕ್ಕೆ. ನನಗೆ ಹಿಡಿಸಿದ್ದು ಬೇರೆ ವಿಭಾಗದವರ ಹತ್ತಿರ ಹೋಗಿ ಕೂರುವುದು. ಇಷ್ಟು ವರ್ಷ ಇದ್ದರೂ ಅಕೌಂಟ್ಸ್‌ನವರು ಬಿಲ್ ಯಾಕೆ ವಾಪಸ್ ಕಳಿಸುತ್ತಾರೆ ಅಂತ ನಮಗೆ ಗೊತ್ತಿರುವುದಿಲ್ಲ. ಸ್ಟೋರ್ಸ್‌ನವರು ಸ್ಟಾಕ್ ಹೇಗೆ ತಾಳೆ ಹಾಕುತ್ತಾರೆ, ಪರ್ಚೇಸ್‌ನವರು ಮೂರು ಕೊಟೇಷನ್ ಹೇಗೆ ತೂಗುತ್ತಾರೆ, ಇದನ್ನೆಲ್ಲ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಬಿಟ್ಟು ಹೋಗುವವರ ಹತ್ತಿರ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮುಂದಿನ ಕಂಪನಿಯಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಮನಸ್ಸು ಬಿಚ್ಚುವುದು ಕೆಲವೊಮ್ಮೆ ಜಾಸ್ತಿಯೂ ಆಗುತ್ತದೆ. ತಾವೂ ಬಿಡಬೇಕು ಅಂತಿರುವವರೆಲ್ಲ ನಿಮ್ಮ ಸೀಟಿಗೆ ಬಂದು ಮ್ಯಾನೇಜರನ್ನು ಬೈಯಲು ಶುರುಮಾಡುತ್ತಾರೆ. ಒಂದು ಬೈಟು ಕಾಫಿ ಮುಗಿಯುವ ತನಕ ಕೇಳಿ, ಎದ್ದುಬಿಡಿ. ನೀವಂತೂ ಬೈಯಲೇಬೇಡಿ. ಪೀಣ್ಯ, ಯಶವಂತಪುರ ಕಡೆಯ ಕಂಪನಿಗಳಲ್ಲಿ ಒಬ್ಬರಿಗೊಬ್ಬರು ಗೊತ್ತಿರುವವರೇ, ನಾಳೆ ಅದೇ ಮ್ಯಾನೇಜರ್ ಇನ್ನೊಂದು ಕಡೆ ಇಂಟರ್‌ವ್ಯೂ ತೆಗೆದುಕೊಳ್ಳಲು ಕೂತಿರುತ್ತಾರೆ.

"ಏನಪ್ಪಾ, ಇನ್ನೂ ಇಲ್ಲೇ ಇದ್ದೀಯಾ?" ಈ ಪ್ರಶ್ನೆ ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ಪಾರ್ಕಿಂಗಿನಲ್ಲಿ ಬಂದೇ ಬರುತ್ತದೆ. ಕೋಪ ಮಾಡಿಕೊಂಡರೆ ಇನ್ನೂ ಜಾಸ್ತಿ ಕೇಳುತ್ತಾರೆ. "ಹೋಗೋ ದಿನ ನಿಮಗೇ ಮೊದಲು ಹೇಳ್ತೀನಿ ಬಿಡಿ ಸಾರ್" ಅಂದರೆ ಮುಗಿಯಿತು.

ಹೊಸ ಕಂಪನಿಯ ಕೆಲಸವನ್ನು ಇಲ್ಲಿ ಕೂತು ಶುರುಮಾಡಬೇಡಿ, ಅವರು ಪ್ರೀತಿಯಿಂದ ಕೇಳಿದರೂ ಸರಿ. ಎರಡೂ ಕಡೆ ಒಟ್ಟಿಗೆ ಕೆಲಸ ಮಾಡಿದ ಹಾಗಾಗುತ್ತದೆ. ಅವರ ಎಚ್‌ಆರ್ ಜೊತೆ ಆಗಾಗ ಒಂದು ಮೇಲ್ ಇರಲಿ, ಸೇರುವ ತಾರೀಖು ಬದಲಾಗಿಲ್ಲ ತಾನೇ ಅಂತ. ಇಷ್ಟು ಸಾಕು.

ಹಂತ 5: ಆಫೀಸ್ ಆಚೆ ಒಂದೇ ಒಂದು ಕೆಲಸ ಹಿಡಿಯಿರಿ

ಮೂರು ತಿಂಗಳಿದೆ ಅಂತ ಆರು ತಿಂಗಳ ಕೋರ್ಸ್‌ಗೆ ದುಡ್ಡು ಕಟ್ಟುವವರೇ ಜಾಸ್ತಿ. ಅರ್ಧಕ್ಕೆ ನಿಲ್ಲುತ್ತದೆ, ಹೊಸ ಕೆಲಸ ಶುರುವಾದ ಮೇಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕೊನೇ ದಿನದೊಳಗೆ ಮುಗಿಯುವಂಥದ್ದನ್ನು ಹಿಡಿಯಿರಿ.

ಕಾರು ಓಡಿಸಲು ಬರದಿದ್ದರೆ ಇದಕ್ಕಿಂತ ಒಳ್ಳೆ ಕಾಲ ಸಿಗುವುದಿಲ್ಲ. ಎಲ್‌ಎಲ್‌ಗೆ (ಕಲಿಯುವವರ ಲೈಸೆನ್ಸ್) ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅದು ಬಂದು 30 ದಿನ ಆದ ಮೇಲೆ ಡ್ರೈವಿಂಗ್ ಟೆಸ್ಟ್‌ಗೆ ಹೋಗಬಹುದು, ಎಲ್‌ಎಲ್ 6 ತಿಂಗಳು ನಡೆಯುತ್ತದೆ. 90 ದಿನಕ್ಕೆ ಅಳೆದು ಮಾಡಿದ ಹಾಗಿದೆ, ಅಲ್ವಾ? ಮೊದಲ ವಾರ ಎಲ್‌ಎಲ್, ಆಮೇಲೆ ಬೆಳಗ್ಗೆ ಕ್ಲಾಸು (ರೈಲಿಗೆ ಹೋಗುವವರಾದರೆ ಶನಿವಾರ, ಭಾನುವಾರ), ಕೊನೇ ತಿಂಗಳು ಟೆಸ್ಟು. ಹೊಸ ಕಂಪನಿಗೆ ಹೋಗುವಷ್ಟರಲ್ಲಿ ತುಮಕೂರಿನ ಕೆಎ-06 ಆರ್‌ಟಿಓದಿಂದ ಡಿಎಲ್ ಬಂದಿರುತ್ತದೆ.

ಮನೆಯಿಂದಲೇ ಕೆಲಸ ಮಾಡುವವರದ್ದು ಬೇರೆ ಕಥೆ. ಪರದೆ ಮೇಲೆ ಹಸಿರು ಚುಕ್ಕಿ ಆರಬಾರದು ಅಂತ ಹತ್ತು ನಿಮಿಷಕ್ಕೊಮ್ಮೆ ಮೌಸ್ ಅಲ್ಲಾಡಿಸುತ್ತಾ ಕೂರುವುದು ಮನುಷ್ಯರು ಮಾಡುವ ಕೆಲಸ ಅಲ್ಲ. ಮ್ಯಾನೇಜರ್‌ಗೆ ನೇರವಾಗಿ ಹೇಳಿ, ಬೆಳಗ್ಗೆ ಇಷ್ಟೊತ್ತಿಂದ ಇಷ್ಟೊತ್ತಿಗೆ ಹ್ಯಾಂಡೋವರ್ ಬರೆಯುತ್ತೇನೆ, ಆಮೇಲೆ ಏನಾದರೂ ಬೇಕಿದ್ದರೆ ಫೋನ್ ಮಾಡಿ ಅಂತ. ಎಷ್ಟೋ ಜನ ಒಪ್ಪುತ್ತಾರೆ. ಮನೆಯವರಿಗೂ ಹೊತ್ತು ಹೇಳಿಬಿಡಿ. ಇಲ್ಲದಿದ್ದರೆ "ಹೇಗೂ ಸುಮ್ನೆ ಕೂತಿದ್ದೀಯಲ್ಲ" ಅಂತ ಚಿಕ್ಕಪ್ಪನ ಮಗಳ ಮದುವೆ ಪತ್ರಿಕೆ ಹಂಚುವ ಕೆಲಸ ಪೂರ್ತಿ ನಿಮ್ಮ ತಲೆಗೇ ಬರುತ್ತದೆ.

ಲಾಗಿನ್ ಮುಂಚೆ ಅಮಾನಿಕೆರೆ ಕಡೆ ಒಂದು ಸುತ್ತು ನಡೆದು ಬನ್ನಿ. ಆಫೀಸಿಗೆ ಹೋಗುವ ಹಾಗೇ ಸ್ನಾನ ಮಾಡಿ, ಪ್ಯಾಂಟು ಹಾಕಿ ಕೂರಿ. ಪಂಚೆಯಲ್ಲಿ ಕೂತರೆ ದಿನವೂ ಹಾಗೇ ಜಾರಿಹೋಗುತ್ತದೆ.

ಶನಿವಾರ, ಭಾನುವಾರ ಮನೆಯಲ್ಲಿ ಬಿದ್ದುಕೊಂಡರೆ ವಾರ ಪೂರ್ತಿ ಒಂದೇ ಥರ ಅನಿಸುತ್ತದೆ. ನಮ್ಮ ಸುತ್ತಲೇ ಎಷ್ಟಿದೆ. ಪಂಡಿತನಹಳ್ಳಿ ಹತ್ತಿರ ಬಸದಿ ಬೆಟ್ಟ ಹತ್ತಿ ಕೂತರೆ ಕೆಳಗೆ ಮೈದಾಳ ಕೆರೆ ಕಾಣುತ್ತದೆ. ದೇವರಾಯನದುರ್ಗಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ಭೋಗನರಸಿಂಹ ಸ್ವಾಮಿ ದರ್ಶನ ಮುಗಿಸಿ ಮೇಲಿನ ಯೋಗನರಸಿಂಹ ಸ್ವಾಮಿ ಗುಡಿಗೆ ಹತ್ತಿ, ಬರುತ್ತಾ ನಾಮದ ಚಿಲುಮೆ ನೋಡಿ. ಹತ್ತು ಗಂಟೆ ಆದರೆ ಬೆಂಗಳೂರಿನ ಕಾರುಗಳು ತುಂಬಿಕೊಳ್ಳುತ್ತವೆ. ಗೂಳೂರು ಕಡೆ ಹೋದರೆ ಕೈದಾಳದ ಚೆನ್ನಕೇಶವ ದೇವಸ್ಥಾನ ಇದೆ, ಜಕಣಾಚಾರಿಯ ಊರು ಅಂತ ಹೇಳುವ ಕಥೆ ಎಲ್ಲರಿಗೂ ಗೊತ್ತು, ಹೋಗಿ ನೋಡಿದವರು ಕಮ್ಮಿ. ಎಲ್ಲೂ ಬೇಡ ಅಂದರೆ ಸಿದ್ಧಗಂಗೆ ಮೆಟ್ಟಿಲು ಹತ್ತಿ ಇಳಿದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬನ್ನಿ.

ಹಂತ 6: ಕೊನೇ ವಾರ

ಬೀಳ್ಕೊಡುಗೆ ಮೇಲ್ ಚಿಕ್ಕದಾಗಿರಲಿ, ಐದು ಸಾಲು, ಸ್ವಂತ ನಂಬರ್. ನಿಜವಾಗಿ ಸಹಾಯ ಮಾಡಿದವರ ಸೀಟಿಗೆ ಹೋಗಿ ಹೇಳಿ, ಸೆಕ್ಯುರಿಟಿ ಅಣ್ಣ, ಕ್ಯಾಂಟೀನ್ ಅಕ್ಕನನ್ನೂ ಸೇರಿಸಿ. ಬ್ಯಾಂಕಿಗೆ ಫೋನ್ ಮಾಡಿ ಸ್ಯಾಲರಿ ಅಕೌಂಟ್ ಮಾಮೂಲಿ ಖಾತೆಯಾದರೆ ಮಿನಿಮಮ್ ಬ್ಯಾಲೆನ್ಸ್ ಎಷ್ಟು ಅಂತ ಕೇಳಿ. ರೈಲ್ವೇ ಪಾಸ್ ಆ ವಾರವೇ ಮುಗಿಯುತ್ತಿದ್ದರೆ ಅಭ್ಯಾಸಬಲದಲ್ಲಿ ಮತ್ತೆ ಮೂರು ತಿಂಗಳಿಗೆ ಮಾಡಿಸಿಬಿಡಬೇಡಿ, ಹೊಸ ಆಫೀಸ್ ಯಾವ ದಿಕ್ಕಿಗೆ ಅಂತ ನೋಡಿಕೊಳ್ಳಿ.

ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್, ಡ್ರಾಯರ್ ಕೀ, ಒಂದೊಂದನ್ನೂ ವಾಪಸ್ ಕೊಟ್ಟದ್ದಕ್ಕೆ ಮೇಲ್ ಅಥವಾ ಸಹಿ ತೆಗೆದುಕೊಳ್ಳಿ, ಅದರ ಫೋಟೋ ಫೋನಿನಲ್ಲಿ ಇರಲಿ. ಚಾರ್ಜರ್ ಬಂದಿಲ್ಲ ಅಂತ ಎರಡು ತಿಂಗಳಾದ ಮೇಲೆ ಫುಲ್ ಅಂಡ್ ಫೈನಲ್ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಿಲೀವಿಂಗ್ ಲೆಟರ್ ಯಾವ ತಾರೀಖಿಗೆ, ಯಾರ ಮೇಲ್‌ನಿಂದ ಬರುತ್ತದೆ ಅಂತ ಕೇಳಿ ಬರೆದಿಟ್ಟುಕೊಂಡ ಮೇಲೆ ಗೇಟ್ ದಾಟಿ.